ಗಪ್ಪಿಗಳ ನಡುವೆ ಚೆರ್ರಿ ಸಿಗಡಿ: ನಾಲ್ಕು ತಿಂಗಳ ಲೆಕ್ಕ

ಜನವರಿ 26ರ ರಜೆಯ ದಿನ ಮನೆಯ ಮೀನಿನ ಟ್ಯಾಂಕಿಗೆ ಅಂತ ಹದಿನೈದು ಕೆಂಪು ಚೆರ್ರಿ ಸಿಗಡಿ ತಂದೆ. ಪ್ಲಾಸ್ಟಿಕ್ ಕವರಿನಲ್ಲಿ ಒಣಮೆಣಸಿನಕಾಯಿ ಚೂರು ತೇಲಿದ ಹಾಗೆ ಕಾಣುತ್ತಿದ್ದವು. ಕುಂದಾಪುರದ ಅತ್ತೆ ಮನೆಗೆ ಬಂದಿದ್ದರು. ಇಣುಕಿ ನೋಡಿ, "ಇಷ್ಟ್ ಸಣ್ಣ ಚಟ್ಲಿ ಎಂತಕ್ ಮಾರಾಯ, ಒಂದ್ ತುತ್ತಿಗೂ ಆತಿಲ್ಲೆ" ಅಂದರು. ನಿಜವೇ. ಪೂರ್ತಿ ಬೆಳೆದರೂ ಇವು ಮೂರು ಸೆಂಟಿಮೀಟರ್ ದಾಟುವುದು ಕಷ್ಟ.

ಟ್ಯಾಂಕ್ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರ. ಸುಮಾರು 55 ಲೀಟರ್ ನೀರು. ಅದರಲ್ಲಿ ಮೊದಲಿಂದ ಆರು ಗಂಡು ಗಪ್ಪಿ, ಎಂಟು ನಿಯಾನ್ ಟೆಟ್ರಾ, ನಾಲ್ಕು ಕೋರಿ ಮೀನು ಇವೆ. ಒಂದು ಏಂಜೆಲ್ ಮೀನು ಕೂಡ ಇತ್ತು. ಬಾಯಿಗೆ ಹಿಡಿಸುವುದೆಲ್ಲ ಊಟ ಅನ್ನುವ ಜಾತಿ ಅದು. ಸಿಗಡಿ ತರುವ ಮೊದಲೇ ಅದನ್ನು ಆಫೀಸಿನ ಗೆಳೆಯನಿಗೆ ಕೊಟ್ಟೆ. ಫಿಲ್ಟರ್ ಸ್ಪಾಂಜಿನದು, ಅದರಿಂದ ಮರಿ ಒಳಗೆ ಎಳೆದುಕೊಳ್ಳುವ ಭಯ ಇಲ್ಲ.

ಹೊಸ ನೀರಿಗೆ ಹೊಂದಿಸಲು ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಹಾಕುವ ಪೈಪು ತಂದಿದ್ದೆ. ಗಾಲಿ ತಿರುಗಿಸಿದರೆ ಹನಿ ಎಷ್ಟು ಬೇಕೋ ಅಷ್ಟು. ಸೆಕೆಂಡಿಗೆ ಎರಡು ಹನಿಯಂತೆ ಎರಡು ಗಂಟೆ ಬಿಟ್ಟೆ. ಅಂಗಡಿಯವನು ಯಾರಿಗೆ ಹುಷಾರಿಲ್ಲ ಅಂತ ಕೇಳಿದ. ಸಿಗಡಿಗೆ ಅನ್ನಲು ನಾಚಿಕೆಯಾಗಿ ಸುಮ್ನೆ ನಕ್ಕೆ.

ಮೊದಲ ವಾರ ದಿನಾ ಎಣಿಕೆ. ಒಂದು ದಿನ ನಾಲ್ಕು, ಇನ್ನೊಂದು ದಿನ ಆರು. ಆರಕ್ಕಿಂತ ಜಾಸ್ತಿ ಯಾವತ್ತೂ ಸಿಗಲಿಲ್ಲ. ಗಪ್ಪಿಗಳು ಹಿಂದೆ ಬಿದ್ದು ಮೀಸೆ ಕಚ್ಚುತ್ತಿದ್ದವು. ಐದನೇ ದಿನ ಒಂದು ಸತ್ತಿತ್ತು. ಮರುದಿನ ಇನ್ನೊಂದು ಬಿದ್ದಿದೆ ಅಂತ ಇಕ್ಕಳ ಹಾಕಿ ತೆಗೆದರೆ ಅದು ಪೊರೆ. ಮೀಸೆ, ಕಾಲು, ಕಣ್ಣಿನ ಮೇಲಿನ ಪದರ ಸಮೇತ ಇಡೀ ಸಿಗಡಿಯ ಅಚ್ಚು, ಒಳಗೆ ಮಾತ್ರ ಏನೂ ಇಲ್ಲ. ಹಾವಿನ ಹಾಗೆ ಇವೂ ಪೊರೆ ಬಿಟ್ಟೇ ಬೆಳೆಯುವುದು. ತೆಗೆಯದೆ ಬಿಟ್ಟರೆ ಅದನ್ನೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತವೆ. ಆಮೇಲೆ ಮುಟ್ಟಲಿಲ್ಲ.

ತಪ್ಪು ನನ್ನದೇ. ಸಿಗಡಿ ಕಾಣಲಿ ಅಂತ ಜಾವಾ ಮಾಸ್ ಅನ್ನುವ ನೀರಿನ ಗಿಡವನ್ನು ಒಂದು ಮೂಲೆಗೆ ತಳ್ಳಿ, ಮುಂದಿನ ಜಾಗ ಖಾಲಿ ಬಿಟ್ಟಿದ್ದೆ. ನೋಡೋಕೆ ಅಂತಲೇ ತಂದಿದ್ದು, ಅಲ್ವಾ? ಫೆಬ್ರವರಿ ಎರಡನೇ ವಾರ ಮನಸ್ಸು ಬದಲಿಸಿದೆ. ಕಲ್ಲಿಗೆ ದಾರದಿಂದ ಮಾಸ್ ಕಟ್ಟಿ ಐದು ಕಡೆ ಇಟ್ಟೆ. ಒಡೆದ ಮಡಕೆಯ ಚೂರು ಪೇರಿಸಿದೆ. ನಮ್ಮ ರಸ್ತೆಯ ಬಾದಾಮಿ ಮರದ ಕೆಳಗೆ ಬಿದ್ದಿದ್ದ ಒಣಗಿದ ಎಲೆ ಮೂರು ತೊಳೆದು ಹಾಕಿದೆ. ನೀರು ತಿಳಿ ಚಹಾ ಬಣ್ಣಕ್ಕೆ ತಿರುಗಿತು. ಎಲೆ ಕೊಳೆಯುತ್ತಾ ಬಂದಂತೆ ಅದರ ಮೇಲೆ ಕೂರುವ ಲೋಳೆ ಇವುಗಳ ನಿಜವಾದ ಊಟ. ಹತ್ತು ದಿನದಲ್ಲಿ ಹನ್ನೊಂದು ಎಣಿಸಿದೆ, ಅದೂ ಗಾಜಿನ ಮುಂದೆಯೇ! ಅಡಗಲು ಜಾಗ ಜಾಸ್ತಿ ಆದಮೇಲೆ ಹೊರಗೆ ಬರಲು ಧೈರ್ಯ. ಅಮ್ಮನ ಸೆರಗು ಕೈಗೆ ಸಿಗುವಷ್ಟು ಹತ್ತಿರ ಇದ್ದಾಗ ಮಗು ನೆಂಟರ ಮನೆಯೆಲ್ಲ ಓಡಾಡುತ್ತದಲ್ಲ, ಹಾಗೆ.

ಮಾರ್ಚ್ ಬಗ್ಗೆ ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ಬೆಂಗಳೂರಿನ ಬೇಸಿಗೆ, ನಮ್ಮ ಕಟ್ಟಡಕ್ಕೆ ಟ್ಯಾಂಕರ್ ನೀರು ಶುರುವಾಯಿತು. ಭಾನುವಾರ ಎಂದಿನಂತೆ ಅರ್ಧ ನೀರು ಬದಲಿಸಿದೆ. ಕ್ಲೋರಿನ್ ತೆಗೆಯುವ ಹನಿ ಹಾಕಿದ್ದೆ, ಅಷ್ಟೇ ಸಾಕು ಅಂದುಕೊಂಡೆ. ಮೂರು ದಿನದಲ್ಲಿ ನಾಲ್ಕು ಸತ್ತವು. ಎಲ್ಲದರ ಕತ್ತಿನ ಸುತ್ತ ಬಿಳಿ ಉಂಗುರ. ಆಗ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹುಡುಕಿದೆ. ಕಾವೇರಿ ನೀರು 210 ತೋರಿಸಿತು, ಟ್ಯಾಂಕರಿನದು 740. ನೀರು ಹೀಗೆ ಒಮ್ಮೆಲೇ ಬದಲಾದರೆ ಸಿಗಡಿ ಹೊತ್ತಿಗೆ ಮೊದಲೇ ಪೊರೆ ಬಿಡಲು ಹೋಗಿ, ಅದರೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಗಪ್ಪಿಗಳಿಗೆ ಏನೂ ಆಗಲಿಲ್ಲ. ಮೀನು ಚೆನ್ನಾಗಿದೆ, ಹಾಗಾಗಿ ನೀರೂ ಚೆನ್ನಾಗಿದೆ ಅನ್ನುವ ಲೆಕ್ಕ ಸಿಗಡಿಗೆ ನಡೆಯುವುದಿಲ್ಲ. ಈಗ ಕಾವೇರಿ ಬಂದ ದಿನ ಇಪ್ಪತ್ತು ಲೀಟರ್ ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ. ವಾರಕ್ಕೆ ಐದೇ ಲೀಟರ್ ಬದಲು, ಅದೂ ಅದೇ ಗ್ಲೂಕೋಸ್ ಪೈಪಿನಲ್ಲಿ ನಿಧಾನವಾಗಿ.

ಸೊಳ್ಳೆ ಸ್ಪ್ರೇಯನ್ನೂ ಆ ಕೋಣೆಯಿಂದ ಹೊರಗೆ ಹಾಕಿದೆ. ಕೀಟ ಕೊಲ್ಲುವ ಮದ್ದು ಸಿಗಡಿಯನ್ನೂ ಕೊಲ್ಲುತ್ತದೆ. ಮೀನಿನ ಔಷಧದಲ್ಲಿ ತಾಮ್ರ ಇದ್ದರೂ ಅದೇ ಗತಿ.

ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ಮುಟ್ಟಿತು. ಮುಚ್ಚಳ ತೆಗೆದು ಜಾಲರಿ ಹಾಸಿ, ಸಣ್ಣ ಫ್ಯಾನ್ ತಿರುಗಿಸಿದೆ, 27.5ಕ್ಕೆ ಇಳಿಯಿತು. ಏಪ್ರಿಲ್ 14ರ ರಾತ್ರಿ ಮೊಬೈಲ್ ಟಾರ್ಚ್ ಹಾಕಿದಾಗ ಒಂದು ಹೆಣ್ಣಿನ ಹೊಟ್ಟೆಯಡಿ ಹಳದಿ ಮೊಟ್ಟೆ! ಗಸಗಸೆಗಿಂತ ದೊಡ್ಡವು, ಸಾಸಿವೆಗಿಂತ ಸಣ್ಣವು, ಇಪ್ಪತ್ತೈದರ ಆಸುಪಾಸು. ಹೊಟ್ಟೆಯಡಿಯ ಪುಟ್ಟ ಕಾಲುಗಳಿಂದ ಅವಕ್ಕೆ ಬಿಡದೆ ಗಾಳಿ ಬೀಸುತ್ತಿತ್ತು. ಆಗಾಗ ಒಂದು ಮೊಟ್ಟೆ ಹಿಂದಿನಿಂದ ಮುಂದಕ್ಕೆ ಉರುಳುತ್ತಿತ್ತು. ಎರಡು ವಾರ ಕಳೆದ ಮೇಲೆ ಪ್ರತಿ ಮೊಟ್ಟೆಯಲ್ಲೂ ಎರಡು ಕಪ್ಪು ಚುಕ್ಕೆ. ಕಣ್ಣು!

ಗೆಳೆಯನೊಬ್ಬ ಚೆರ್ರಿ ಬದಲು ಅಮಾನೋ ಸಿಗಡಿಯನ್ನು ಸಾಕಬಹುದಲ್ಲ ಅಂದಿದ್ದ. ಜಪಾನಿನ ತಕಾಶಿ ಅಮಾನೋ ತಮ್ಮ ಗಿಡದ ಟ್ಯಾಂಕ್‌ಗಳಲ್ಲಿ ಪಾಚಿ ತಿನ್ನಲು ಬಿಡುತ್ತಿದ್ದ ಜಾತಿ. ಪಾಚಿಗೆ ಅವೇ ವಾಸಿ. ಆದರೆ ಅದರ ಮರಿ ಬೆಳೆಯಲು ಉಪ್ಪು ಬೆರೆತ ನೀರು ಬೇಕು. ಚೆರ್ರಿಗೆ ಆ ತಾಪತ್ರಯವಿಲ್ಲ, ಹುಟ್ಟುವಾಗಲೇ ದೊಡ್ಡದರ ರೂಪ.

ಮೇ 6ಕ್ಕೆ ಹೊಟ್ಟೆ ಖಾಲಿ. ಮಾಸ್ ಮೇಲೆ ಕೂದಲಿನಷ್ಟು ತೆಳ್ಳಗಿನ, ಎರಡು ಮಿಲಿಮೀಟರ್ ಉದ್ದದ ಮರಿಗಳು. ಒಂದು ಹೊರಗೆ ಹಾರಿತು, ಗಪ್ಪಿ ನುಂಗಿತು. ನನ್ನ ಕಣ್ಣೆದುರಿಗೇ. ಮರಿಗಳಿಗೆ ಬೇರೆ ಡಬ್ಬ ಇಡಬೇಕಿತ್ತೇನೋ. ಇಡಲಿಲ್ಲ, ಒಟ್ಟಿಗೆ ಬಾಳುವ ಟ್ಯಾಂಕ್ ಇದು, ಮಾಸ್ ಎಷ್ಟು ಉಳಿಸುತ್ತದೋ ಅಷ್ಟು.

ಇವತ್ತಿನ ಲೆಕ್ಕ: ದೊಡ್ಡವು ಹತ್ತು, ಮರಿ ಏಳು. ಬೆಳಿಗ್ಗೆ ಫಿಲ್ಟರಿನ ಸ್ಪಾಂಜನ್ನು ಬಕೆಟ್ಟಿನ ಹಳೇ ನೀರಿನಲ್ಲಿ ಹಿಂಡಿ, ಇನ್ನೇನು ತುಳಸಿ ಗಿಡಕ್ಕೆ ಸುರಿಯಬೇಕು, ತಳದಲ್ಲಿ ಏನೋ ಕುಪ್ಪಳಿಸಿತು. ಅರ್ಧ ಗಂಟೆ ಟಾರ್ಚ್ ಹಿಡಿದು ಕೂತು ಚಮಚದಲ್ಲಿ ಎರಡನ್ನು ಹಿಡಿದೆ. ಹಾಗಾಗಿ ಮರಿ ಒಂಬತ್ತು.