ಓಡದ ರೈಲಿನ ಹಿಂದೆ ಯಾಕೆ ಬಿದ್ದಿದ್ದೀಯ?

ಹೋದ ವಾರ ಒಂದು ನಾಮಕರಣದ ಊಟ. ಎಲೆಗೆ ಇನ್ನೂ ಕೋಸಂಬರಿ ಬಿದ್ದಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಸೋದರತ್ತೆ ಕೇಳಿಯೇ ಬಿಟ್ಟರು. "ಅಲ್ಲ ಕಣೇ, ರೈಲೇ ಬರದ ಕಡೆ ಹೋಗಿ ಏನು ನೋಡ್ತೀಯ? ಓಡೋ ರೈಲು ಇಷ್ಟೊಂದಿವೆ. ಓಡದ ರೈಲಿನ ಹಿಂದೆ ಯಾಕೆ ಬಿದ್ದಿದ್ದೀಯ?"

ಎದುರು ಸಾಲಿನವರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾರು ಬಂತು. ಮಾತು ಸಾರಿನ ಉಪ್ಪಿನ ಕಡೆ ಹೊರಳಿತು. ಯಾವಾಗಲೂ ಹೀಗೇ. ಪ್ರಶ್ನೆ ನನಗೆ, ಗಮನ ಸಾರಿಗೆ.

ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಎರಡು ವಿಷಯ ಹೇಳಿ ಮುಗಿಸುತ್ತೇನೆ. ಒಂದು, ನಮ್ಮಪ್ಪ ರೈಲ್ವೆಯಲ್ಲಿರಲಿಲ್ಲ. ಅವರದು ರೇಷ್ಮೆಗೂಡಿನ ವ್ಯಾಪಾರ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟೇ ಅವರ ಲೋಕ. "ನಿಮ್ಮ ತಂದೆ ರೈಲ್ವೆಲಿದ್ರಾ?" ಅಂತ ಕೇಳಿ, ಇಲ್ಲ ಅಂದ ಕೂಡಲೇ ಮುಖ ಸಣ್ಣಗೆ ಮಾಡಿಕೊಳ್ಳುವವರಿಗೆ ನನ್ನದೊಂದು ಮಾತು. ಕ್ರಿಕೆಟ್ ನೋಡುವವರ ಅಪ್ಪ ಏನು ಮಾಡುತ್ತಿದ್ದರು ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಎರಡು, ನಮ್ಮ ಮನೆಯ ಹಲಗೆ ಮೇಲೆ ನಾನು ಕಟ್ಟಿಟ್ಟಿರುವ ರೈಲಿನ ಮಾಡೆಲ್ ಆಟದ ಸಾಮಾನಲ್ಲ. ಆಟದ ಸಾಮಾನು ಹೇಗಿದ್ದರೂ ನಡೆಯುತ್ತದೆ. ಇದು ಅರ್ಧ ಮಿಲಿಮೀಟರ್ ತಪ್ಪಿದರೆ ನನಗೆ ನಿದ್ದೆ ಬರುವುದಿಲ್ಲ.

ನಾನು ಹಿಂದೆ ಬಿದ್ದಿರುವ ಲೈನು ಯಾವುದು ಅಂತ ಹೇಳಿಬಿಡುತ್ತೇನೆ. ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರ. ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ. ಕೊನೆಗೆ ಬಂಗಾರಪೇಟೆ. ಎರಡು ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಅಗಲ ಇರುವ ನ್ಯಾರೋ ಗೇಜ್. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಕೋಲಾರಕ್ಕೆ ರೈಲು ಶುರುವಾದದ್ದು 1913ರಲ್ಲಿ. ಈಗ ಆ ಕಡೆಯೆಲ್ಲ ಬ್ರಾಡ್ ಗೇಜ್ ಬಂದಿದೆ. ಚಿಕ್ಕಬಳ್ಳಾಪುರದಿಂದ ಕೋಲಾರದ ತನಕ ದೊಡ್ಡ ಹಳಿ ಸಿದ್ಧವಾಗಲು 2013 ಆಗಬೇಕಾಯಿತು. ಸರಿಯಾಗಿ ನೂರು ವರ್ಷ. 2021ರಲ್ಲಿ ಇದೇ ಲೈನಿನಲ್ಲಿ ವಿಮಾನ ನಿಲ್ದಾಣಕ್ಕೆ ಅಂತಲೇ ಒಂದು ಹಾಲ್ಟ್ ಕೂಡ ಬಂತು.

"ಹಾಗಾದರೆ ರೈಲು ಇದೆಯಲ್ಲ, ಮತ್ತೇನು?" ಅನ್ನಬಹುದು. ಹಳಿ ಅಗಲವಾದಾಗ ಬರೀ ಅಗಲವಾಗುವುದಿಲ್ಲ. ದೊಡ್ಡ ರೈಲಿಗೆ ಬಿಗಿಯಾದ ತಿರುವು ಆಗದು, ತಿರುವನ್ನು ಸಡಿಲ ಮಾಡುತ್ತಾರೆ. ಆಗ ಹಳೇ ದಾರಿಯ ತುಂಡು ಪಕ್ಕಕ್ಕೆ ಉಳಿಯುತ್ತದೆ. ಹಳೇ ಮೋರಿ ಭಾರ ತಡೆಯದು, ಪಕ್ಕದಲ್ಲೇ ಹೊಸದು ಕಟ್ಟುತ್ತಾರೆ. ಹತ್ತು ಜನ ಹತ್ತುತ್ತಿದ್ದ ಕಡೆ ರೈಲು ನಿಲ್ಲುವುದೇ ನಿಂತುಹೋಗುತ್ತದೆ. ಎಂಜಿನ್ ಗುಜರಿಗೆ ಹೋಗುತ್ತದೆ. ಆ ರೈಲಿನ ಕೆಲಸ ಗೊತ್ತಿದ್ದವರು ರಿಟೈರ್ ಆಗಿ ಊರು ಸೇರುತ್ತಾರೆ.

ಇನ್ನೊಂದು ಸಿಟ್ಟು ಇದೆ. ನ್ಯಾರೋ ಗೇಜ್ ಅಂದ ಕೂಡಲೇ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ರೈಲು ಎಷ್ಟು ನಿಧಾನ ಅಂದರೆ ಇಳಿದು ಹೂ ಕಿತ್ತುಕೊಂಡು ಮತ್ತೆ ಹತ್ತಬಹುದಿತ್ತು ಅಂತ. ಒಂದು ಮೀಟರ್ ಅಗಲದ ಮೀಟರ್ ಗೇಜಿನಲ್ಲಿ ಓಡುವ ಊಟಿ ರೈಲಿಗೂ ಇದೇ ಕಥೆ, ಶಿವಮೊಗ್ಗ–ತಾಳಗುಪ್ಪದ ಹಳೇ ಮೀಟರ್ ಗೇಜ್ ರೈಲಿಗೂ ಇದೇ ಕಥೆ. ಯಾಕೆ ನಿಧಾನ ಅಂತ ಒಬ್ಬರೂ ಕೇಳುವುದಿಲ್ಲ. ಕಡಿಮೆ ದುಡ್ಡಲ್ಲಿ ಜಾಸ್ತಿ ಊರು ಮುಟ್ಟಬೇಕು ಅಂತ ಕಟ್ಟಿದ ಲೈನು ಅದು. ತೆಳು ಹಳಿ ಹಾಕಿದರು. ಗುಡ್ಡ ಕಡಿಯುವ ಬದಲು ಸುತ್ತಿಕೊಂಡು ಹೋದರು. ತಿರುವು ಜಾಸ್ತಿ, ನಿಲ್ದಾಣ ಜಾಸ್ತಿ. ಅಂಥ ಹಳಿ ಮೇಲೆ ಜೋರಾಗಿ ಓಡಿದರೆ ಬೀಳುತ್ತದೆ. ನಿಧಾನ ಓಡಿದ್ದಕ್ಕೇ ನಮ್ಮ ಕಡೆಯ ಅಷ್ಟೊಂದು ಊರುಗಳಿಗೆ ರೈಲು ಬಂತು.

ಇನ್ನು ಅತ್ತೆಯ ಪ್ರಶ್ನೆ. ಏನು ನೋಡುತ್ತೇನೆ?

ಹೊಲದ ಮಧ್ಯೆ ಒಂದು ಏರಿ ಹೋಗುತ್ತಿರುತ್ತದೆ. ಕೆರೆ ಏರಿಯಾದರೆ ಹತ್ತಿರದಲ್ಲಿ ಕೆರೆ ಇರಬೇಕು. ಇಲ್ಲಿ ಕೆರೆ ಇಲ್ಲ. ಬಂಡಿ ದಾರಿಯಾದರೆ ಏರುತ್ತ ಇಳಿಯುತ್ತ ಹೋಗಬೇಕು. ಇದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ತಿರುಗಿದರೂ ಮೆಲ್ಲಗೆ ತಿರುಗುತ್ತದೆ. ಅಂಥದ್ದು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಣ್ಣು ಕೆದಕಿದರೆ ಒಡೆದ ಜಲ್ಲಿ ಸಿಗುತ್ತದೆ. ಮುಂದೆ ಹೋದರೆ ಕೆತ್ತಿದ ಕಲ್ಲಿನ ಮೋರಿ. ಅದರ ಮೇಲೆ ಎಷ್ಟಗಲ ಜಾಗ ಇದೆ ಅಂತ ಟೇಪು ಹಿಡಿದರೆ ಯಾವ ಗೇಜು ಅನ್ನುವುದರ ಅಂದಾಜು ಸಿಗುತ್ತದೆ. ಅಲ್ಲಲ್ಲಿ ರೈಲ್ವೆ ಜಮೀನಿನ ಗಡಿಕಲ್ಲು. ಅದೃಷ್ಟ ಇದ್ದರೆ ಸೀಟಿ ಹೊಡೆಯಲು ಹೇಳುವ ಫಲಕದ ಕಂಬ.

ಹಳಿಯೇ ಸಿಕ್ಕರಂತೂ ಹಬ್ಬ. ಹಳಿಯ ಪಕ್ಕೆಯಲ್ಲಿ ಉಬ್ಬು ಅಕ್ಷರ ಇರುತ್ತದೆ. ಯಾವ ಕಾರ್ಖಾನೆ, ಯಾವ ವರ್ಷ, ಎಷ್ಟು ತೂಕದ ಹಳಿ ಅಂತ. ತುಕ್ಕಿನ ಮೇಲೆ ಸೀಮೆಸುಣ್ಣ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತದೆ. ಒಂದು ಶಾಸನ ಓದಿದ ಹಾಗೆಯೇ ಅದು.

ಹಾಗೆ ಓದಲು ಹೋದ ಒಂದು ದಿನದ ಕಥೆ ಹೇಳಬೇಕು. ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಲ್ಲೊಂದು ದನದ ಕೊಟ್ಟಿಗೆಗೆ ಹಳಿಯನ್ನೇ ತೊಲೆ ಮಾಡಿದ್ದಾರೆ ಅಂತ ಸುದ್ದಿ ಸಿಕ್ಕಿತ್ತು. ಮನೆಯವರನ್ನು ಕೇಳಿ ಒಳಗೆ ಹೋದೆ. ಗುಜರಿ ಹರಾಜಿನಲ್ಲಿ ಕೊಂಡದ್ದಂತೆ. ಕಂಪನಿಯ ಹೆಸರು ಗೋಡೆಯೊಳಗೆ ಹೋಗಿತ್ತು. ಮುಕ್ಕಾಲಿ ಮೇಲೆ ಹತ್ತಿ, ಕೈಯಲ್ಲಿ ಸೀಮೆಸುಣ್ಣ, ಬಾಯಲ್ಲಿ ಟಾರ್ಚು. ಎಮ್ಮೆ ನನ್ನ ಚೂಡಿದಾರದ ತುದಿ ಮೂಸುತ್ತಿತ್ತು. 1912 ಅಂತ ಮೂಡಿತು.

ಹಿಂದಿನಿಂದ ಯಾರೋ ಕೇಳಿದರು. "ಏನ್ ಅಮ್ಮಣ್ಣಿ, ತೊಲೆ ಅಳೀತಿದ್ದೀಯ? ಮನೆ ಕೊಂಡ್ಕೊಳ್ತೀಯ?"

ಬಾಗಿಲಲ್ಲಿ ಒಬ್ಬ ತಾತ. ಎಂಬತ್ತು ದಾಟಿರಬೇಕು. ನಾನು ಇಳಿದು ವಿಷಯ ಹೇಳಿದೆ. ಅವರು ನಗಲಿಲ್ಲ. "ನಾನು ಈ ಲೈನಲ್ಲೇ ಗ್ಯಾಂಗ್‌ಮ್ಯಾನ್ ಇದ್ದೆ. ಆಮೇಲೆ ಕೀಮ್ಯಾನ್ ಆದೆ" ಅಂದರು. ಗ್ಯಾಂಗ್‌ಮ್ಯಾನ್ ಅಂದರೆ ಹಳಿ ರಿಪೇರಿ ಮಾಡುವ ತಂಡದವರು, ಕೀಮ್ಯಾನ್ ಅಂದರೆ ದಿನಾ ಹಳಿ ಪರೀಕ್ಷೆ ಮಾಡುತ್ತ ನಡೆಯುವವರು.

ಅವತ್ತು ಮೂರು ಗಂಟೆ ಜಗಲಿ ಮೇಲೆ ಕೂತೆವು. ಅರ್ಧ ಕನ್ನಡ, ಅರ್ಧ ತೆಲುಗು. ಬೆಳಗಿನ ಜಾವ ಸುತ್ತಿಗೆ ಮತ್ತು ಸ್ಪ್ಯಾನರ್ ಹಿಡಿದು ತಮ್ಮ ಪಾಲಿನ ಲೈನು ಪೂರ್ತಿ ನಡೆಯುತ್ತಿದ್ದರಂತೆ. ಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರಿಗೆ ಹಳಿಯನ್ನು ಬಿಗಿ ಹಿಡಿಯುವ ಕೀಲಿಗಳಿಗೆ ಒಂದೊಂದೇ ಏಟು. "ಟಣ್ ಅಂದ್ರೆ ಬಿಗಿ. ದಬ್ ಅಂದ್ರೆ ಸಡಿಲ. ಕಣ್ಣಲ್ಲಿ ನೋಡೋದೇ ಬೇಡ" ಅಂದರು. ಮಂಜು ಕವಿದ ದಿನ ಇದೇ ಕಿವಿಯ ಮೇಲೆ ಕೆಲಸ. ಮಳೆಗಾಲದಲ್ಲಿ ಯಾವ ಮೋರಿ ಮೊದಲು ತುಂಬುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಇದನ್ನೆಲ್ಲ ಅವರ ಮೊಮ್ಮಕ್ಕಳು ಒಂದು ದಿನವೂ ಕೇಳಿರಲಿಲ್ಲ.

ನಾನು ಫೋನಿನಲ್ಲಿ ನನ್ನ ಮಾಡೆಲ್ಲಿನ ಫೋಟೋ ತೋರಿಸಿದೆ. ಆ ಊರಿನ ಸಣ್ಣ ನಿಲ್ದಾಣವನ್ನೇ ನಾನು ರಟ್ಟಿನಲ್ಲಿ ಕಟ್ಟಿದ್ದೆ. ತಾತ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಹೇಳಿದರು. "ಮರ ತಪ್ಪು ಕಡೆ ಇಟ್ಟಿದ್ದೀಯ. ಹುಣಸೇಮರ ಊರಿನ ಕಡೆ ಇತ್ತು. ಅದರ ಕೆಳಗೇ ನಮಗೆ ಸಂಬಳ ಬಟವಾಡೆ ಮಾಡ್ತಿದ್ದಿದ್ದು."

ಮಾಡೆಲ್ ಯಾಕೆ ಕಟ್ಟುತ್ತೀಯ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ. ಬರಿ ಬಾಯಲ್ಲಿ "ನಿಲ್ದಾಣ ಹೇಗಿತ್ತು ತಾತ?" ಅಂದಿದ್ದರೆ "ಚೆನ್ನಾಗಿತ್ತಮ್ಮ" ಅಂತ ಹೇಳಿ ಮುಗಿಸುತ್ತಿದ್ದರು. ತಪ್ಪಾಗಿ ಕಟ್ಟಿದ್ದನ್ನು ಕಣ್ಣ ಮುಂದೆ ಹಿಡಿದಿದ್ದಕ್ಕೆ ಸರಿಯಾದದ್ದು ನೆನಪಾಯಿತು.

ಕಟ್ಟುವವರಿಗೂ ಅಷ್ಟೆ. ಒಂದು ಹಾಳು ಗೋಡೆ ನೋಡಿ ಫೋಟೋ ತೆಗೆದುಕೊಂಡು ಬರಬಹುದು. ಅದನ್ನೇ ಕಟ್ಟಲು ಕೂತಾಗ ಎಷ್ಟು ಗೊತ್ತಿಲ್ಲ ಅಂತ ತಿಳಿಯುತ್ತದೆ. ಬಾಗಿಲು ಒಳಗೆ ತೆರೆಯುತ್ತಿತ್ತೋ ಹೊರಗೋ? ಟಿಕೆಟ್ ಕೊಡುವ ಕಿಂಡಿ ಎಷ್ಟು ಎತ್ತರ? ದೀಪ ಎಲ್ಲಿ ತೂಗುತ್ತಿತ್ತು?

ಲೆಕ್ಕದ ವಿಷಯ ಒಂದು ಹೇಳಲೇಬೇಕು, ಇದು ನನಗೆ ತುಂಬಾ ಇಷ್ಟ. ಎಚ್‌ಓ ಅನ್ನುವ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಯೂರೋಪು, ಅಮೆರಿಕದ 1435 ಮಿ.ಮೀ. ಹಳಿಗೆ ಅದು ಸರಿ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.26 ಬರುತ್ತದೆ. ಅಂದರೆ ನಮ್ಮ ದೊಡ್ಡ ರೈಲನ್ನು ಮಾಡೆಲ್ ಮಾಡುವವರೆಲ್ಲ ಸುಮಾರು ಮೂರು ಮಿಲಿಮೀಟರ್ ಕಿರಿದಾದ ಹಳಿ ಮೇಲೆ ಓಡಿಸುತ್ತಾರೆ, ಇಲ್ಲವೇ ಹಳಿಯನ್ನೂ ತಾವೇ ಮಾಡಿಕೊಳ್ಳುತ್ತಾರೆ. ಈಗ 762ನ್ನು 87ರಿಂದ ಭಾಗಿಸಿ. 8.76. ಎನ್ ಅನ್ನುವ ಸಣ್ಣ ಅಳತೆಯ ಹಳಿ 9 ಮಿ.ಮೀ. ಸಿದ್ಧವಾಗಿ ಸಿಗುತ್ತದೆ! ವಿಮಾನದ ಹತ್ತಿರ ಹೋಗುವ ಈಗಿನ ರೈಲಿಗೆ ಸರಿಯಾದ ಹಳಿ ಅಂಗಡಿಯಲ್ಲಿಲ್ಲ, ನಮ್ಮಪ್ಪ ಗೂಡಿನ ಮೂಟೆ ಜೊತೆ ಕೂತು ಹೋದ ರೈಲಿಗೆ ಇದೆ. ಆ ಹಳಿಯ ಸ್ಲೀಪರುಗಳು ಮಾತ್ರ ತೀರಾ ಸಣ್ಣ, ತೀರಾ ಹತ್ತಿರ. ಅವನ್ನು ಕಿತ್ತು ಬೇರೆ ಹಾಕಬೇಕು. ಒಂದು ಮೀಟರಿಗೆ ಒಂದು ಇಡೀ ಭಾನುವಾರ ಹೋಗುತ್ತದೆ.

ಪೂರ್ತಿ ಲೈನು ಕಟ್ಟೋಕೆ ಆಗುತ್ತಾ ಅಂತಲೂ ಕೇಳುತ್ತಾರೆ. ನಿಜದ ಒಂದು ಕಿಲೋಮೀಟರಿಗೆ ಇಲ್ಲಿ ಹನ್ನೊಂದೂವರೆ ಮೀಟರ್ ಬೇಕು. ನನ್ನ ಹತ್ತಿರ ಎಂಟು ಅಡಿಯ ಹಲಗೆ ಇದೆ. ಒಂದು ನಿಲ್ದಾಣ, ಒಂದು ಮೋರಿ, ಒಂದು ಮರ. ಸಾಕು.

ನಿಜ ಹೇಳಬೇಕೆಂದರೆ, ಯಾಕೆ ಅಂತ ಕೇಳುವ ಬದಲು ಯಾರಾದರೂ "ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?" ಅಂತ ಕೇಳಲಿ ಅಂತ ನನಗೆ ಆಸೆ. ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಾನು ಊಟ ಬಿಟ್ಟು ಹೇಳುತ್ತಿದ್ದೆ.

ಯಲಹಂಕದಲ್ಲಿ ಒಬ್ಬ ರಿಟೈರ್ಡ್ ಗಾರ್ಡ್ ಇದ್ದಾರೆ. ಅವರ ಹತ್ತಿರ ಹಳೇ ವರ್ಕಿಂಗ್ ಟೈಮ್ ಟೇಬಲ್ ಇದೆ. ಅದು ಪ್ರಯಾಣಿಕರಿಗೆ ಮಾರುವ ಪುಸ್ತಕವಲ್ಲ, ಕೆಲಸದವರಿಗೆ ಮಾತ್ರ ಕೊಡುತ್ತಿದ್ದದ್ದು. ಯಾವ ನಿಲ್ದಾಣದಿಂದ ಯಾವುದಕ್ಕೆ ಎಷ್ಟು ದೂರ, ಎಲ್ಲಿ ಎಷ್ಟು ವೇಗ, ಎರಡು ರೈಲು ಎಲ್ಲಿ ದಾಟಿಕೊಳ್ಳಬಹುದು, ಎಲ್ಲ ಅದರಲ್ಲಿದೆ. ಒಂದೊಂದೇ ಪುಟ ಫೋಟೋ ತೆಗೆಯಲು ಬಿಟ್ಟರು, ಪುಸ್ತಕ ಕೈಗೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು. ಇನ್ನೊಬ್ಬ ಇಂಜಿನಿಯರಿಂಗ್ ಓದುವ ಹುಡುಗ. ಮಾಡೆಲ್ಲಿನ ಎಂಜಿನ್, ಬೋಗಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಪ್ರಿಂಟ್ ಮಾಡಿಕೊಡುತ್ತಾನೆ. ಅವನಿಗೆ ಅಳತೆ ಬೇಕಿತ್ತು. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ, 1979ರಲ್ಲಿ ಶುರುವಾದದ್ದು ಅದು, ನ್ಯಾರೋ ಗೇಜ್ ಉಗಿ ಎಂಜಿನ್ ನಿಂತಿದೆ. ನಾನು ಹೋಗಿ ಅಳೆದುಕೊಂಡು ಬಂದೆ. ಅವನು ನನಗೆ ಬೋಗಿ ಕೊಟ್ಟ, ನಾನು ಅವನಿಗೆ ಅಂಕಿ ಕೊಟ್ಟೆ. ಬೋಗಿಯ ಬಣ್ಣದ ಮೇಲೆ ಇಬ್ಬರು ಹಿರಿಯರು ಮೂರು ವಾರ ಜಗಳ ಆಡಿದರು. ಫೋಟೋ ಎಲ್ಲ ಕಪ್ಪು ಬಿಳುಪು, ಯಾರನ್ನೂ ತಪ್ಪು ಅನ್ನುವ ಹಾಗಿಲ್ಲ. ಆ ಜಗಳದಲ್ಲಿ ನಾನು ಕಲಿತಷ್ಟು ಯಾವ ಪುಸ್ತಕದಲ್ಲೂ ಕಲಿತಿಲ್ಲ.

ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು ಇದೆ. ಯಾರ ಹತ್ತಿರವೂ ಪೂರ್ತಿ ಇಲ್ಲ. ಕೊಟ್ಟು ತೆಗೆದುಕೊಂಡರೆ ಮಾತ್ರ ಲೈನು ಕೂಡುತ್ತದೆ. ನನಗೆ ಅವಸರ ಇರುವುದೂ ಅದಕ್ಕೇ. ಹಳೇ ಮೋರಿ ಇನ್ನೂ ನೂರು ವರ್ಷ ನಿಲ್ಲುತ್ತದೆ. ತಾತನಿಗೆ ಎಂಬತ್ತು ದಾಟಿದೆ.

ಎಲ್ಲವನ್ನೂ ಎಲ್ಲರಿಗೂ ಹೇಳುತ್ತೇವೆ ಅಂತಲ್ಲ. ಹಳ್ಳಿಯ ಹೆಸರು ಹೇಳದ್ದು ಇದಕ್ಕೇ. ಜಾಗ ಗೊತ್ತಾದರೆ ಮೊದಲು ಬರುವವರು ಕಬ್ಬಿಣ ಹುಡುಕುವವರು. ಒಂದು ಫಲಕದ ಕಂಬವನ್ನು ನಾನು ಹೀಗೇ ಕಳೆದುಕೊಂಡಿದ್ದೇನೆ. ಖುಷಿಯಲ್ಲಿ ಜಾಗ ಹೇಳಿದ್ದೆ, ಮುಂದಿನ ತಿಂಗಳು ಗುಂಡಿ ಮಾತ್ರ ಇತ್ತು.

ಹಾಗೇ ಸಕಲೇಶಪುರದ ಘಾಟಿಗೆ ಕರೆದುಕೊಂಡು ಹೋಗು ಅಂತ ದಯವಿಟ್ಟು ಕೇಳಬೇಡಿ. ಅಲ್ಲಿ ಮೀಟರ್ ಗೇಜ್ 1996ರಲ್ಲಿ ನಿಂತಾಗ ಎಡಕುಮೇರಿ ಕಡೆ ಹಳಿ ಮೇಲೆ ನಡೆದವರು ತುಂಬಾ ಜನ. ಆಗ ರೈಲು ಇರಲಿಲ್ಲ. ಈಗ ಇದೆ. ಮತ್ತೆ ಪ್ರಯಾಣಿಕರ ರೈಲು ಶುರುವಾದದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿ 57 ಸುರಂಗ, 109 ಸೇತುವೆ. ಸುರಂಗದ ಮಧ್ಯೆ ಇದ್ದಾಗ ರೈಲು ಬಂದರೆ ಎಲ್ಲಿ ನಿಲ್ಲುತ್ತೀರಿ? ಓಡುವ ಹಳಿ ಮೇಲೆ ನಡೆಯುವುದು ಅಪರಾಧ, ಅದಕ್ಕಿಂತ ಮೊದಲು ಅದು ಆ ಎಂಜಿನ್ನಿನ ಡ್ರೈವರಿಗೆ ಮಾಡುವ ಅನ್ಯಾಯ. ರೈಲನ್ನು ಪ್ರೀತಿಸುವವರು ಹಾಗೆ ಮಾಡುವುದಿಲ್ಲ.

ಹುಣಸೇಮರವನ್ನು ಆಚೆ ಕಡೆಯಿಂದ ಕಿತ್ತು ಊರಿನ ಕಡೆ ನೆಟ್ಟೆ. ತಂತಿ ಹೊಸೆದು ಕೊಂಬೆ ಮಾಡಿದ್ದು, ಕೀಳುವಾಗ ಎರಡು ಕೊಂಬೆ ಮುರಿಯಿತು. ಸರಿ ಮಾಡಿ, ಕೆಳಗೆ ಬಟವಾಡೆಯ ಒಂದು ಸಣ್ಣ ಮೇಜು ಇಟ್ಟೆ. ಹೊಸ ಫೋಟೋ ಪ್ರಿಂಟ್ ಹಾಕಿಸಿಕೊಂಡು ಮೊನ್ನೆ ಹೋಗಿ ತಾತನಿಗೆ ಕೊಟ್ಟೆ. ಈ ಸಲ ಜಗಲಿಯಲ್ಲಿ ಅವರ ಇಬ್ಬರು ಮೊಮ್ಮಕ್ಕಳೂ ಕೂತಿದ್ದರು. ತಾತ ಪ್ರಿಂಟನ್ನು ತುಂಬಾ ಹೊತ್ತು ನೋಡಿದರು. ಮೇಜಿನ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ಏನೋ ತೆಲುಗಿನಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮರ ಸರಿಯಾಯ್ತು. ಬಾವಿ ಎಲ್ಲಿ?"

ಬಾವಿ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಭಾನುವಾರ ಟೇಪು ತಗೊಂಡು ಮತ್ತೆ ಹೋಗುತ್ತಿದ್ದೇನೆ. ಎಲ್ಲಿತ್ತು ಅಂತ ಮೊಮ್ಮಗಳು ತೋರಿಸುತ್ತಾಳಂತೆ, ಅಷ್ಟರಲ್ಲಿ ತಾತನನ್ನು ಕೇಳಿಟ್ಟುಕೊಂಡು.