ಆ ಅರ್ಜಿಯಲ್ಲಿ ಇಲ್ಲದ ಕಾಲಂ

3 ಆಗಸ್ಟ್ 2025, ಭಾನುವಾರ

ಅಮೆರಿಕದ ಒಹಾಯೊದಿಂದ ಬಂದ ಸುದ್ದಿ ಈ ವಾರವೆಲ್ಲ ಮನಸ್ಸು ಬಿಟ್ಟು ಹೋಗಿಲ್ಲ. 1994ರಲ್ಲಿ ಪ್ರಯೋಗಾಲಯದಲ್ಲಿ ಅಂಡಾಣು, ವೀರ್ಯಾಣು ಸೇರಿಸಿ ರೂಪಿಸಿ ಘನೀಕರಿಸಿಟ್ಟ ಭ್ರೂಣವೊಂದು ಜುಲೈ 26ರಂದು ಗಂಡುಮಗುವಾಗಿ ಹುಟ್ಟಿದೆ. ಆ ಭ್ರೂಣದ ತಾಯಿ ಅದನ್ನು ಚೆಲ್ಲಲು ಮನಸ್ಸಾಗದೆ ವರ್ಷವರ್ಷವೂ ಶುಲ್ಕ ಕಟ್ಟುತ್ತಿದ್ದರಂತೆ. ಕೊನೆಗೆ ಮಕ್ಕಳಿಲ್ಲದ ದಂಪತಿಗೆ ಕೊಟ್ಟರು. ಅಲ್ಲಿ ಇದಕ್ಕೆ ಭ್ರೂಣ ದತ್ತು ಎನ್ನುತ್ತಾರೆ.

ನಮ್ಮವೂ ಎರಡು ಭ್ರೂಣಗಳಿವೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಮಗಳ ಜೊತೆಯಲ್ಲೇ ರೂಪುಗೊಂಡವು. ಅವನ್ನು ಇಟ್ಟಿರುವ ಆಸ್ಪತ್ರೆಯಿಂದ ನವೀಕರಣದ ಅರ್ಜಿ ಬಂದಿದೆ: ಉಳಿಸಿಕೊಳ್ಳಿ, ನಶಿಸಲು ಬಿಡಿ, ಇಲ್ಲವೇ ಸಂಶೋಧನೆಗೆ ಕೊಡಿ. ಇನ್ನೊಬ್ಬರ ಮಡಿಲಿಗೆ ಕೊಡಿ ಎಂಬ ಕಾಲಂ ಇಲ್ಲ. ನಮ್ಮ ದೇಶದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ, ಬೇರೆಯವರಿಗೆ ಕೊಡುವುದು ಅಪರಾಧ. ಅಂಡಾಣು, ಭ್ರೂಣಗಳ ವ್ಯಾಪಾರಕ್ಕೆ ಕಡಿವಾಣ ಬೇಕೇ ಬೇಕು, ಬಡ ಹೆಣ್ಣುಮಕ್ಕಳ ಮೈಯನ್ನು ಹಿಂಡುವ ದಂಧೆ ಅದು. ಆದರೆ ಕಾಸಿನ ಆಸೆಯಿಲ್ಲದೆ ಕೊಡುವವರ ಕೈಯನ್ನೂ ಅದೇ ಹಗ್ಗದಿಂದ ಕಟ್ಟಿದ್ದು ನನಗೆ ಸರಿ ಕಾಣುವುದಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಗದಗ ಕಡೆಯ ಅಕ್ಕ ನೆನಪಾಗುತ್ತಾರೆ. ಅವರ ಅಂಡಾಣುವೂ ಸಾಲದು, ಗಂಡನ ವೀರ್ಯಾಣುವೂ ಇಲ್ಲ, ಎರಡಕ್ಕೂ ದಾನಿಗಳೇ ಆಗಬೇಕು. ಚಿಕಿತ್ಸೆಗೆ ಹೆಣ್ಣಿಗೆ ಐವತ್ತರ ಮಿತಿಯಿದೆ, ಅವರಿಗೆ ಅದು ಹತ್ತಿರವಾಗುತ್ತಿದೆ. ಊರಿಗೆ ಹೋದರೆ "ಏನಾದರೂ ವಿಶೇಷ ಉಂಟೇನವ್ವಾ?" ಎಂದು ಕೇಳುವವರಿಗೆ ಹೆದರಿ ಮದುವೆಮನೆಗಳಿಗೂ ಹೋಗುವುದನ್ನು ಬಿಟ್ಟಿದ್ದರು. ನನ್ನಲ್ಲಿ ಉಳಿದಿರುವುದು ಅವರಿಗೆ ಬೇಕಾದದ್ದೇ.

ಮಂಗಳವಾರ ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಅತ್ತೆಯ ಮುಂದೆ ಮಾತೆತ್ತಿದೆ. "ನಮ್ಮ ವಂಶದ ಕುಡಿ ಯಾರದೋ ಮನೆಯಲ್ಲಿ ಬೆಳೆಯುವುದೇನಮ್ಮಾ?" ಎಂದರು. ಸಿಟ್ಟು ಬರಲಿಲ್ಲ. ನಮಗಾಗಿ ಕುಕ್ಕೆಗೆ ಹರಕೆ ಹೊತ್ತು, ಮಂಡಿನೋವಿನಲ್ಲೇ ಆಶ್ಲೇಷಾ ಬಲಿಗೆ ಕುಳಿತವರು ಅವರು. ನನ್ನವರು ಕೇಳಿದ್ದು ಇನ್ನೂ ಕಠಿಣ: "ಆ ಮಗುವಿಗೆ ಇಲ್ಲೊಬ್ಬಳು ಅಕ್ಕ ಇದ್ದಾಳೆ ಎಂದು ಯಾರು ಹೇಳುತ್ತಾರೆ?" ಹೇಳಲೇಬೇಕು. ದೊಡ್ಡವರ ಮಾನಕ್ಕಾಗಿ ಮಕ್ಕಳ ಹುಟ್ಟನ್ನು ಬಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಹುಟ್ಟಿದ ಮಗುವನ್ನು ದತ್ತು ಕೊಡಲು ಸರ್ಕಾರದ್ದೇ ಪ್ರಾಧಿಕಾರವಿದೆ, ದಾಖಲೆಯಿದೆ, ನ್ಯಾಯವಾದ ಸರದಿಯಿದೆ. ಭ್ರೂಣಕ್ಕೂ ಅಂಥದ್ದೊಂದು ದಾರಿ ಮಾಡಬಹುದು.

ನಾಳೆ ಮುಂದಿನ ವರ್ಷದ ಶುಲ್ಕ ಕಟ್ಟುತ್ತೇವೆ. ಆರೋಗ್ಯ ಸಚಿವಾಲಯಕ್ಕೆ ಪತ್ರದ ಕರಡು ಶುರು ಮಾಡಿದ್ದೇನೆ. ಹಣ ಕೈ ಬದಲಾಗಬಾರದು, ಮಗುವಿಗೆ ತನ್ನ ಮೂಲ ತಿಳಿಯುವ ಹಕ್ಕಿರಬೇಕು, ಇವೆರಡು ಮೊದಲ ಸಾಲುಗಳು. ಅತ್ತೆಯ ಪ್ರಶ್ನೆಗೆ ಉತ್ತರ ಬರೆಯುವುದು ಬಾಕಿಯಿದೆ.