ಬೆಳಗಿನ ಜಾವದ ನೀರು: ಕೆರೆ ಟಿಪ್ಪಣಿ, ಹದಿನಾಲ್ಕನೇ ವಾರ

ಹದಿಮೂರು ವಾರ ನನ್ನ ಪುಸ್ತಕದಲ್ಲಿ ಈ ಕೆರೆ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೀರು ತೆಗೆದು ಅಳೆದಾಗಲೆಲ್ಲ ಕರಗಿದ ಆಮ್ಲಜನಕ ಲೀಟರಿಗೆ 11, 12, ಒಮ್ಮೆ 13 ಮಿಲಿಗ್ರಾಂ. ಈಗ ಯೋಚಿಸಿದರೆ ಆ ಅಂಕಿಗಳೇ ಎಚ್ಚರಿಸಬೇಕಿತ್ತು. 30 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 7.5 ಮಿಲಿಗ್ರಾಂ. ಉಳಿದದ್ದೆಲ್ಲ ಬಿಸಿಲಿನಲ್ಲಿ ಪಾಚಿ ಬಿಡುತ್ತಿದ್ದ ಆಮ್ಲಜನಕ. ಸೂರ್ಯ ಮುಳುಗಿದ ಮೇಲೆ ಪಾಚಿಯೂ ನಮ್ಮಂತೆಯೇ ಉಸಿರಾಡುತ್ತದೆ; ಹಗಲು ಕೊಟ್ಟದ್ದನ್ನು ರಾತ್ರಿಯಿಡೀ ವಾಪಸು ತೆಗೆದುಕೊಳ್ಳುತ್ತದೆ.

ಹಾಗಾಗಿ ಈ ವಾರ ಮೂರು ದಿನ ಬೆಳಗಿನ ಜಾವ ಐದೂವರೆಗೆ ದಡದಲ್ಲಿದ್ದೆ.

ನಾನು ಬಳಸುವುದು ವಿಂಕ್ಲರ್ ವಿಧಾನ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು, ಇವತ್ತಿಗೂ ನಂಬಬಹುದಾದದ್ದು. ಗಾಜಿನ ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಬಿರಡೆ ಹಾಕಬೇಕು. ಆಮೇಲೆ ಮ್ಯಾಂಗನೀಸ್ ಸಲ್ಫೇಟ್, ಅದರ ಬೆನ್ನಿಗೆ ಕ್ಷಾರ ಬೆರೆತ ಅಯೊಡೈಡ್. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಮೋಡದಂಥದ್ದು ಎದ್ದು ನಿಧಾನ ತಳಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಾಟಲಿಗಳಲ್ಲಿ ಅದು ಕಡು ಕಂದಾಗಿರುತ್ತಿತ್ತು. ಮೊದಲ ದಿನದ ಮುಂಜಾನೆ ಟಾರ್ಚ್ ಬೆಳಕಿಗೆ ಬಾಟಲಿ ಹಿಡಿದರೆ ಒಳಗೆ ಮಜ್ಜಿಗೆಯಂಥ ಬಿಳುಪು, ಅದರಂಚಿನಲ್ಲಷ್ಟೇ ಒಂಚೂರು ಕಂದಿನ ಛಾಯೆ. ಪೂರ್ತಿ ಬಿಳಿಯಾಗಿದ್ದರೆ ಆಮ್ಲಜನಕವೇ ಇಲ್ಲ ಎಂದರ್ಥ. ರಾಸಾಯನಿಕ ಕೆಟ್ಟಿರಬಹುದೆಂದು ಇನ್ನೆರಡು ಬಾಟಲಿ ತುಂಬಿದೆ. ಅವೂ ಹಾಗೆಯೇ. ಮನೆಗೆ ತಂದು ಆಮ್ಲ ಹಾಕಿ, ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಬಿಟ್ಟಾಗ ಪಿಷ್ಟದ ನೀಲಿ ಬಣ್ಣ ಬೇಗನೆ ಹೋಯಿತು: 1.2 ಮಿಲಿಗ್ರಾಂ. ಉಳಿದೆರಡು ದಿನ 1.4 ಮತ್ತು 0.9. ಮೂರನೇ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅದನ್ನು ನೋಡುತ್ತ ನಿಲ್ಲುವುದು ಕಷ್ಟ.

ಬಲೆಯ ಲೆಕ್ಕದ ಗಂಟೂ ಇದರಿಂದ ಬಿಚ್ಚಿತು. ಶುರುವಿನಲ್ಲಿ ಹತ್ತು ಸಲ ಬಲೆ ಎಳೆದರೆ ಏರೋಪ್ಲೇನ್ ಚಿಟ್ಟೆಯ ಏಳೆಂಟು ಮರಿಗಳು ಸಿಗುತ್ತಿದ್ದವು. ಈಗ ಮೂರು ವಾರದಿಂದ ಒಂದೂ ಇಲ್ಲ. ಸೊಳ್ಳೆ ಮರಿಗಳು ಮಾತ್ರ ಎಣಿಸಲಾರದಷ್ಟು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹಿಂಬದಿಯೊಳಗಿನ ಕಿವಿರುಗಳಿಂದ ಪಡೆಯುತ್ತದೆ. ಕ್ಯೂಲೆಕ್ಸ್ ಸೊಳ್ಳೆಯ ಮರಿಗೆ ಆ ಹಂಗೇ ಇಲ್ಲ. ಬಾಲದ ಕೊಳವೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತ ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ನೀರು ಕೊಳೆತಷ್ಟೂ ಅದನ್ನು ತಿನ್ನುವವರು ಸಾಯುತ್ತಾರೆ, ಅದು ಉಳಿಯುತ್ತದೆ. ಆನೆಕಾಲು ರೋಗದ ಹುಳುವನ್ನು ಹೊತ್ತು ತಿರುಗುವ ಸೊಳ್ಳೆಗಳಲ್ಲಿ ಕೊಳಕು ನೀರಿನ ಈ ಕ್ಯೂಲೆಕ್ಸ್ ಕೂಡ ಒಂದು. ಕೆರೆಯ ಕಾಯಿಲೆ ಮನುಷ್ಯರ ಕಾಯಿಲೆಯಾಗುವ ದಾರಿ ಇಷ್ಟು ಹತ್ತಿರದ್ದು ಎಂದು ನಾನು ಕಂಡುಕೊಂಡದ್ದು ಈ ಬಲೆಯಲ್ಲೇ.

ಪಾಚಿ ಯಾವುದೆಂದು ತಿಳಿಯಲು ಕಡ್ಡಿ ಪರೀಕ್ಷೆ ಮಾಡಿದೆ. ಕಡ್ಡಿ ಅದ್ದಿ ಎತ್ತಿದಾಗ ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಎಳೆಪಾಚಿ. ನನ್ನ ಕಡ್ಡಿಗೆ ಹಸಿರು ಪೇಂಟ್ ಬಳಿದಂತೆ ಅಂಟಿತ್ತು. ನೀಲಿಹಸಿರು ಪಾಚಿಯ ಲಕ್ಷಣ ಅದು. ಅದರ ಕೆಲವು ಜಾತಿಗಳು ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ನೀರು ಕುದಿಸಿದರೂ ಹೋಗುವುದಿಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ಲಕ್ಷಾಂತರ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಗಿ ಬಂದದ್ದು ಈರಿ ಸರೋವರದಲ್ಲಿ ಬೆಳೆದ ಇಂಥ ಪಾಚಿಯಿಂದಲೇ. ಕಡ್ಡಿ ಪರೀಕ್ಷೆ ಮಾಡಿದ ದಿನದಿಂದ ನಾನು ಗ್ಲೌಸ್ ಇಲ್ಲದೆ ನೀರಿಗೆ ಕೈ ಹಾಕಿಲ್ಲ.

ತಾಮ್ರದ ಸಲ್ಫೇಟ್ ಸುರಿದು ಪಾಚಿಯನ್ನು ಒಂದೇ ದಿನದಲ್ಲಿ ಕೊಲ್ಲಬಹುದು ಎಂದು ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಸತ್ತ ಪಾಚಿಯ ಕೋಶ ಒಡೆದರೆ ಒಳಗಿದ್ದ ವಿಷವೆಲ್ಲ ನೀರಿಗೆ ಬೀಳುತ್ತದೆ, ಕೊಳೆಯುವಾಗ ಉಳಿದಿರುವ ಅಷ್ಟಿಷ್ಟು ಆಮ್ಲಜನಕವೂ ಖರ್ಚಾಗುತ್ತದೆ.

ಮೂಲ ಹುಡುಕಬೇಕು. ಬಚ್ಚಲು ನೀರು, ಗೊಬ್ಬರ ಹಾಕಿದ ಮಣ್ಣಿನ ನೀರು ಎರಡೂ ಸೇರಿ ಹರಿಯುವ ಚರಂಡಿಯೊಂದು ಕೆರೆಯ ಉತ್ತರದ ಮೂಲೆಗೆ ಬಂದು ಬೀಳುತ್ತದೆ. ಫಾಸ್ಫೇಟ್ ಎಂದರೆ ರಂಜಕ ಸೇರಿದ ಲವಣ; ಅದರ ಪರೀಕ್ಷೆಯಲ್ಲಿ ನೀಲಿ ಗಾಢವಾದಷ್ಟೂ ಅದು ಹೆಚ್ಚು. ಅತಿ ಗಾಢ ನೀಲಿ ಬಂದದ್ದು ಅಲ್ಲಿಯೇ. ಕೆನಡಾದಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ 226ನೇ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಭಾಗ ಮಾಡಿತ್ತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗವಷ್ಟೇ ಹಸಿರಾಯಿತು. ವಿಮಾನದಿಂದ ತೆಗೆದ ಅದರ ಚಿತ್ರ ನೋಡಿದ ಮೇಲೆ ಚರಂಡಿಯ ಕಡೆಗೇ ನನ್ನ ಗಮನವೆಲ್ಲ ತಿರುಗಿತು.

ಚರಂಡಿಯ ಬಾಯಿಗೆ ಆಳವಿಲ್ಲದ ಗುಂಡಿ ತೋಡಿ ಜೊಂಡು ನೆಡುವ ಕೆಲಸ ಅರ್ಧ ಮುಗಿದಿದೆ. ಬೆಳೆದ ಜೊಂಡನ್ನು ಕೊಯ್ದು ದೂರ ಸಾಗಿಸಲೇಬೇಕು, ಇಲ್ಲವಾದರೆ ಕೊಳೆತು ಹೀರಿದ್ದನ್ನೆಲ್ಲ ವಾಪಸು ಕೊಡುತ್ತದೆ. ಇಷ್ಟಾದರೂ ನೀರು ಬೇಗ ತಿಳಿಯಾಗುತ್ತದೆಂದು ನಾನು ಎಣಿಸಿಲ್ಲ. ತಳದ ಕೆಸರಿನಲ್ಲಿ ವರ್ಷಗಟ್ಟಲೆ ಸೇರಿದ ರಂಜಕವಿದೆ. ಕಬ್ಬಿಣ ಅದನ್ನು ಹಿಡಿದಿಟ್ಟಿರುತ್ತದೆ, ಆಮ್ಲಜನಕ ಖಾಲಿಯಾದ ರಾತ್ರಿಗಳಲ್ಲಿ ಆ ಹಿಡಿತ ಸಡಿಲಿ ಮತ್ತೆ ನೀರಿಗೆ ಬರುತ್ತದೆ.

ನಿನ್ನೆ ದಕ್ಷಿಣದ ತುದಿಯಲ್ಲಿ, ಮರದ ನೆರಳಿನಡಿ ತೊರೆ ಬಂದು ಸೇರುವ ಕಡೆ, ಬಲೆಗೆ ಏರೋಪ್ಲೇನ್ ಚಿಟ್ಟೆಯ ಎರಡು ಮರಿಗಳು ಸಿಕ್ಕವು. ಒಂದು ಬಿಳಿ ತಟ್ಟೆಯ ಮೇಲೆ ಕೆಳದವಡೆ ಚಾಚಿ ಸೊಳ್ಳೆ ಮರಿಯೊಂದನ್ನು ಸೆಳೆದುಕೊಂಡಿತು. ಎರಡನ್ನೂ ಅಲ್ಲಿಯೇ ನೀರಿಗೆ ಬಿಟ್ಟು, ಆ ಜಾಗವನ್ನು ನೀರು ತೆಗೆಯುವ ಆರನೇ ಬಿಂದು ಎಂದು ಗುರುತು ಹಾಕಿದ್ದೇನೆ. ಶನಿವಾರ ಐದೂವರೆಗೆ ಮೊದಲ ಬಾಟಲಿ ಅಲ್ಲಿಂದ.